ಗರ್ಭಪಾತಕ್ಕೆ ಹೈಕೋರ್ಟ್ ಆದೇಶ: ಯಾವಾಗ ಬೇಕು, ಯಾವಾಗ ಬೇಡ, ನ್ಯಾಯಾಧೀಶರ ಅಧಿಕಾರ ಎಲ್ಲಿಯವರೆಗೆ

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು (ಎಲ್ಲರೂ ಎಂಟಿಪಿ ಕಾಯ್ದೆ ಎನ್ನುವುದು ಇದನ್ನೇ) ಮೊದಲಿನಿಂದ ಕೊನೆಯವರೆಗೆ ಓದಿದರೂ ಗರ್ಭಪಾತಕ್ಕೆ ನ್ಯಾಯಾಲಯದ ಅನುಮತಿ ಪಡೆಯಬೇಕು ಎಂಬ ಸಾಲು ಸಿಗುವುದಿಲ್ಲ. ಆದರೂ ಗರ್ಭ ಸ್ವಲ್ಪ ಬೆಳೆದಿದೆ, ಹುಡುಗಿಗೆ ಮದುವೆಯಾಗಿಲ್ಲ, ಅಥವಾ ಪೊಲೀಸ್ ಕೇಸ್ ಇದೆ ಎಂದ ಕೂಡಲೇ 'ಕೋರ್ಟ್ ಆರ್ಡರ್ ತನ್ನಿ' ಎನ್ನುವ ಉತ್ತರ ಬರುವುದುಂಟು. ಮನೆಯವರು ವಕೀಲರನ್ನು ಹುಡುಕಿ, ಕಾಗದಪತ್ರ ಹೊಂದಿಸಿ, ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ. ಬೇಡವಾಗಿದ್ದ ಕೋರ್ಟು ಆಗ ನಿಜಕ್ಕೂ ಬೇಕಾಗಿಬಿಡುತ್ತದೆ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಆಶಾ ಕಾರ್ಯಕರ್ತೆಯರು, ಸಮಾಜ ಕಾರ್ಯಕರ್ತರು, ಇಂಥ ರಿಟ್ ಅರ್ಜಿಯನ್ನು (ಸರ್ಕಾರಕ್ಕೆ ನಿರ್ದೇಶನ ಕೊಡಿ ಎಂದು ಹೈಕೋರ್ಟನ್ನು ಕೇಳುವ ಅರ್ಜಿ) ಮೊದಲ ಸಲ ಹಾಕುವ ಕಿರಿಯ ವಕೀಲರು ಮತ್ತು ಮನೆಯವರಿಗಾಗಿ ಇದನ್ನು ಬರೆದಿದ್ದೇವೆ. ನ್ಯಾಯಾಧೀಶರಿಗೆ ಸಂವಿಧಾನ ಕೊಟ್ಟ ಅಧಿಕಾರ ಎಷ್ಟು, ಎಲ್ಲಿ ನಿಲ್ಲುತ್ತದೆ ಎಂಬುದು ಕಾನೂನು ಕಾಲೇಜಿನ ಚರ್ಚೆಯ ವಿಷಯದಂತೆ ಕಾಣಬಹುದು. ಆದರೆ ಅರ್ಜಿಯಲ್ಲಿ ಏನು ಕೇಳಬೇಕು, ಯಾರನ್ನು ಪ್ರತಿವಾದಿ ಮಾಡಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಆ ಎಲ್ಲೆಯ ಮೇಲೆಯೇ ನಿಂತಿದೆ.

ಮೊದಲು ವಾರದ ಲೆಕ್ಕ

ಮನೆಯಲ್ಲಿ ಲೆಕ್ಕ ತಿಂಗಳಲ್ಲಿ, ಕಾನೂನಿನಲ್ಲಿ ವಾರದಲ್ಲಿ. 'ಐದು ತುಂಬಿ ಆರಕ್ಕೆ ಬಿದ್ದಿದೆ' ಎಂಬ ಮಾತಿನಿಂದ ಅರ್ಜಿ ಬರೆಯಲು ಆಗುವುದಿಲ್ಲ. ಗರ್ಭದ ವಯಸ್ಸನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ, ಸಂಬಂಧವಾದ ದಿನದಿಂದಲ್ಲ. ಅತ್ಯಾಚಾರದ ಪ್ರಕರಣಗಳಲ್ಲಿ ಇಲ್ಲೇ ಗೊಂದಲವಾಗುತ್ತದೆ. ಎಫ್‌ಐಆರ್‌ನಲ್ಲಿರುವ ಕೃತ್ಯದ ದಿನಾಂಕದಿಂದ ಎಣಿಸಿದರೆ ಸ್ಕ್ಯಾನಿಂಗ್ ವರದಿಗಿಂತ ಸುಮಾರು ಎರಡು ವಾರ ಕಡಿಮೆ ಬರುತ್ತದೆ. ಆಗ ಎದುರು ಕಡೆಯವರು 'ದಿನಾಂಕ ತಾಳೆಯಾಗುತ್ತಿಲ್ಲ' ಎಂದು ಹಿಡಿದುಕೊಳ್ಳುತ್ತಾರೆ. ಈ ವ್ಯತ್ಯಾಸ ಸಹಜವಾದದ್ದೆಂದು ಅರ್ಜಿಯಲ್ಲೇ ಒಂದು ವಾಕ್ಯ ಬರೆದಿಡಿ.

ಒಂದು ಉದಾಹರಣೆ. ಕೊನೆಯ ಮುಟ್ಟಿನ ಮೊದಲ ದಿನ 2025ರ ಜನವರಿ 6 ಎಂದಿಟ್ಟುಕೊಳ್ಳಿ. ಅದಕ್ಕೆ 140 ದಿನ ಸೇರಿಸಿದರೆ ಮೇ 26ಕ್ಕೆ 20 ವಾರ ತುಂಬುತ್ತದೆ. 168 ದಿನ ಸೇರಿಸಿದರೆ ಜೂನ್ 23ಕ್ಕೆ 24 ವಾರ. ಮನೆಯ ಲೆಕ್ಕದಲ್ಲಿ ಜೂನ್ 23 ಎಂದರೆ ಐದೂವರೆ ತಿಂಗಳು, ಇನ್ನೂ ಆರು ತುಂಬಿಲ್ಲ. ಕಾನೂನಿನ ಲೆಕ್ಕದಲ್ಲಿ ಅದೇ ಕೊನೆಯ ಗಡಿ. ಈ ಎರಡು ದಿನಾಂಕಗಳನ್ನು ಕಡತದ ಮೇಲ್ಹಾಳೆಯಲ್ಲಿ ದೊಡ್ಡದಾಗಿ ಬರೆದಿಟ್ಟುಕೊಳ್ಳಿ.

ಮುಟ್ಟಿನ ದಿನ ನೆನಪಿಲ್ಲದಿದ್ದರೆ ಸ್ಕ್ಯಾನಿಂಗೇ ಗತಿ. ಮೊದಲ ಮೂರು ತಿಂಗಳೊಳಗೆ ಭ್ರೂಣದ ಉದ್ದ ಅಳೆದು ಮಾಡಿದ ಸ್ಕ್ಯಾನಿಂಗ್ 5ರಿಂದ 7 ದಿನಗಳಷ್ಟೇ ಆಚೀಚೆಯಾಗುತ್ತದೆ. ಏಳನೇ ತಿಂಗಳಿನ ನಂತರದ ಸ್ಕ್ಯಾನಿಂಗ್ ಮೂರು ವಾರದಷ್ಟೂ ತಪ್ಪಬಹುದು. ಹಾಗಾಗಿ ಯಾವುದೋ ಕ್ಲಿನಿಕ್ಕಿನಲ್ಲಿ ಮೊದಲು ಮಾಡಿಸಿದ ಸ್ಕ್ಯಾನಿಂಗ್ ವರದಿ ಇದ್ದರೆ ಅದನ್ನು ಮನೆಯ ಮೂಲೆಮೂಲೆ ಜಾಲಾಡಿಯಾದರೂ ತನ್ನಿ. ತಾಯಿ ಕಾರ್ಡನ್ನೂ ತನ್ನಿ, ಅದರಲ್ಲಿ ಮುಟ್ಟಿನ ದಿನಾಂಕ ನಮೂದಾಗಿರುತ್ತದೆ. ಎರಡು ವರದಿಗಳಲ್ಲಿ ವಾರ ಬೇರೆಬೇರೆ ಇದ್ದರೆ ಹಳೆಯದಕ್ಕೆ ಹೆಚ್ಚು ತೂಕ.

ಅಂಗಾಂಗ ದೋಷ ನೋಡುವ ಸ್ಕ್ಯಾನಿಂಗನ್ನು ಸಾಮಾನ್ಯವಾಗಿ 18ರಿಂದ 20 ವಾರದ ನಡುವೆ ಮಾಡುತ್ತಾರೆ. ಅದರಲ್ಲಿ ಹೃದಯದ ಬಗ್ಗೆ ಸಂಶಯ ಬಂದರೆ ಭ್ರೂಣದ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಆಮೇಲೆ ಇನ್ನೊಬ್ಬ ತಜ್ಞರ ಅಭಿಪ್ರಾಯ. ಅಷ್ಟರಲ್ಲಿ 23 ವಾರ ಮುಗಿದಿರುತ್ತದೆ. ಬೈಂದೂರು ಅಥವಾ ಸುಳ್ಯದಿಂದ ಮಣಿಪಾಲಕ್ಕೋ ಮಂಗಳೂರಿಗೋ ಓಡಾಡುವವರಿಗೆ ಒಂದೊಂದು ಅಪಾಯಿಂಟ್‌ಮೆಂಟಿಗೂ ನಾಲ್ಕೈದು ದಿನ ಹಿಡಿಯುತ್ತದೆ. ಸಂಶಯ ಬಂದ ದಿನವೇ ಮುಂದಿನ ಎಲ್ಲ ಪರೀಕ್ಷೆಗಳ ದಿನ ಗೊತ್ತುಮಾಡಿಕೊಳ್ಳುವುದು ಕ್ಷೇಮ.

ಕೋರ್ಟ್ ಬೇಡವೇ ಬೇಡದ ಪ್ರಕರಣಗಳು

2021ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ವಿಫಲವಾಯಿತು ಎಂಬ ಕಾರಣವೂ ಇಲ್ಲಿ ನಡೆಯುತ್ತದೆ. ಹಳೆಯ ಕಾಯ್ದೆಯಲ್ಲಿ 'ವಿವಾಹಿತ ಮಹಿಳೆ ಅಥವಾ ಆಕೆಯ ಪತಿ' ಎಂದಿದ್ದದ್ದು ಈಗ 'ಮಹಿಳೆ ಅಥವಾ ಆಕೆಯ ಸಂಗಾತಿ' ಎಂದಾಗಿದೆ.

20ರಿಂದ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಮತ್ತು ಆಕೆ ಎಂಟಿಪಿ ನಿಯಮಾವಳಿಯ ನಿಯಮ 3ಬಿ ಪಟ್ಟಿಮಾಡಿದ ಒಂದು ವರ್ಗದೊಳಗೆ ಬರಬೇಕು. ಲೈಂಗಿಕ ದೌರ್ಜನ್ಯ, ಅತ್ಯಾಚಾರ ಅಥವಾ ರಕ್ತಸಂಬಂಧಿಯಿಂದ ಗರ್ಭಿಣಿಯಾದವರು, ಅಪ್ರಾಪ್ತೆಯರು, ಗರ್ಭಿಣಿಯಾಗಿದ್ದಾಗಲೇ ವೈವಾಹಿಕ ಸ್ಥಿತಿ ಬದಲಾದವರು, ಅಂದರೆ ವಿಧವೆಯಾದವರು, ವಿಚ್ಛೇದನವಾದವರು, ತೀವ್ರ ದೈಹಿಕ ಅಂಗವೈಕಲ್ಯ ಇರುವವರು, ಮಾನಸಿಕ ಅಸ್ವಸ್ಥತೆ ಅಥವಾ ಬುದ್ಧಿಮಾಂದ್ಯತೆ ಇರುವವರು, ಬದುಕುಳಿಯದಂಥ ಅಥವಾ ಹುಟ್ಟಿದರೆ ಗಂಭೀರ ಊನ ಉಂಟಾಗುವಂಥ ಭ್ರೂಣದೋಷ ಕಂಡುಬಂದವರು, ಸರ್ಕಾರ ಘೋಷಿಸಿದ ವಿಪತ್ತು, ತುರ್ತು ಸ್ಥಿತಿಯಲ್ಲಿ ಸಿಲುಕಿದವರು. ಅವಿವಾಹಿತೆಯರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪು ಅವರನ್ನೂ ಒಳಗೆ ಸೇರಿಸಿದೆ. ಗಂಡನ ಬಲಾತ್ಕಾರದಿಂದಾದ ಗರ್ಭವನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರದ ವರ್ಗಕ್ಕೆ ತಂದಿದೆ. ಎಫ್‌ಐಆರ್ ಆಗಿರಬೇಕು, ಆರೋಪ ಸಾಬೀತಾಗಿರಬೇಕು ಎಂಬ ಷರತ್ತು ಇಲ್ಲ. ಮನೆಯವರ ಒಪ್ಪಿಗೆ, ದಾಖಲೆ ಪುರಾವೆ, ನ್ಯಾಯಾಲಯದ ಆದೇಶದಂಥ ಕಾನೂನಿನಲ್ಲಿ ಇಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು ಎಂದು ಅದೇ ತೀರ್ಪು ಬಿಡಿಸಿ ಹೇಳಿದೆ. ಆಸ್ಪತ್ರೆಯವರು ಕೋರ್ಟ್ ಆರ್ಡರ್ ಕೇಳಿದರೆ ಆ ಭಾಗದ ಮುದ್ರಿತ ಪ್ರತಿ ಕೊಟ್ಟು, 'ನಿರಾಕರಣೆಯ ಕಾರಣವನ್ನು ಬರೆದು ಕೊಡಿ' ಎಂದು ಕೇಳಿ. ಬರೆದುಕೊಡಿ ಎಂದಾಗ ಅರ್ಧ ಪ್ರಕರಣಗಳು ಅಲ್ಲೇ ಇತ್ಯರ್ಥವಾಗುತ್ತವೆ.

ಗಂಡನ ಸಹಿ ನಮ್ಮ ಕಡೆಯ ದೊಡ್ಡ ತಲೆನೋವು. ಗಂಡ ದುಬೈಯಲ್ಲೋ ಮುಂಬೈಯಲ್ಲೋ ಇರುತ್ತಾನೆ, ಅವನ ಸಹಿ ಬರುವ ತನಕ ದಾಖಲು ಮಾಡಿಕೊಳ್ಳುವುದಿಲ್ಲ. ಸೆಕ್ಷನ್ 3(4) ಪ್ರಕಾರ 18 ದಾಟಿದ, ಮಾನಸಿಕವಾಗಿ ಸ್ವಸ್ಥಳಾದ ಮಹಿಳೆಯ ಒಪ್ಪಿಗೆ ಮಾತ್ರ ಸಾಕು. ಅದಕ್ಕೆ ಫಾರ್ಮ್ ಸಿ ಇದೆ. ಅದರಲ್ಲಿ ಗಂಡನಿಗೆ ಜಾಗವೇ ಇಲ್ಲ. ಹೆಂಡತಿ ತನ್ನ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸಿದಳೆಂದು ಪರಿಹಾರ ಕೇಳಿದ ಗಂಡನ ವಾದವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿದೆ. ಅಪ್ರಾಪ್ತೆಗೆ ಮತ್ತು ಮಾನಸಿಕ ಅಸ್ವಸ್ಥೆಗೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು.

ತಾಯಿಯ ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ಸೆಕ್ಷನ್ 5 ಅನ್ವಯಿಸುತ್ತದೆ. ಆಗ ವಾರದ ಮಿತಿಯೂ ಇಲ್ಲ, ಎರಡನೇ ವೈದ್ಯರ ಅಭಿಪ್ರಾಯವೂ ಬೇಡ. ಇಂಥ ಸ್ಥಿತಿಯಲ್ಲಿ ಯಾರಾದರೂ ವಕೀಲರನ್ನು ಕರೆಯಲು ಹೋದರೆ ಅದು ಶುದ್ಧ ತಪ್ಪು.

24 ದಾಟಿದರೆ ಮೊದಲು ಮಂಡಳಿ

ಭ್ರೂಣದಲ್ಲಿ ಗಣನೀಯ ದೋಷವಿದ್ದರೆ 24 ವಾರದ ನಂತರವೂ ದಾರಿಯಿದೆ. ಸೆಕ್ಷನ್ 3(2-ಬಿ) ಪ್ರಕಾರ ರಾಜ್ಯ ಸರ್ಕಾರ ರಚಿಸಿದ ವೈದ್ಯಕೀಯ ಮಂಡಳಿ ದೋಷವನ್ನು ಖಚಿತಪಡಿಸಿದರೆ ವಾರದ ಮಿತಿ ಅನ್ವಯಿಸುವುದಿಲ್ಲ. ಮಂಡಳಿಯಲ್ಲಿ ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ರೇಡಿಯಾಲಜಿಸ್ಟ್ ಅಥವಾ ಸೋನಾಲಜಿಸ್ಟ್ ಇರಲೇಬೇಕು. ನಿಯಮ 3ಎ ಪ್ರಕಾರ ಕೋರಿಕೆ ತಲುಪಿದ 3 ದಿನದೊಳಗೆ ಹೌದೋ ಅಲ್ಲವೋ ಹೇಳಬೇಕು. ಹೌದಾದರೆ ಕೋರಿಕೆ ತಲುಪಿದ 5 ದಿನದೊಳಗೆ ಆಪ್ತಸಮಾಲೋಚನೆ ಸಹಿತ ಪ್ರಕ್ರಿಯೆ ಮುಗಿಯಬೇಕು. ಮಂಡಳಿಯ ವರದಿ ಫಾರ್ಮ್ ಡಿಯಲ್ಲಿ ಬರುತ್ತದೆ. ಇಲ್ಲಿಯೂ ನ್ಯಾಯಾಧೀಶರಿಗೆ ಪಾತ್ರವಿಲ್ಲ.

ಮಂಡಳಿಗೆ ಕೋರಿಕೆಯನ್ನು ಬಾಯಿಮಾತಲ್ಲಿ ಹೇಳಬೇಡಿ. ನಿಮ್ಮ ಪ್ರಕರಣಕ್ಕೆ ಯಾವ ಮಂಡಳಿ, ಅದು ಎಲ್ಲಿ ಕೂಡುತ್ತದೆ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮಂಗಳೂರಿನವರು ಲೇಡಿಗೋಷನ್ ಸರ್ಕಾರಿ ಆಸ್ಪತ್ರೆಯಲ್ಲಿ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೂ ದಾರಿ ತೋರಿಸುತ್ತಾರೆ. ಲಿಖಿತ ಕೋರಿಕೆಯ ಎರಡು ಪ್ರತಿ ಒಯ್ದು ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೂರು ದಿನದ ಗಡುವು ಶುರುವಾಗುವುದು ಆ ಮೊಹರಿನಿಂದ. ನಾಳೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ನಿಮ್ಮ ಕೈಯಲ್ಲಿರುವ ಅತ್ಯಂತ ಬಲವಾದ ಕಾಗದವೂ ಅದೇ.

ಹಾಗಾದರೆ ಕೋರ್ಟ್ ಬೇಕಾಗುವುದು ಯಾರಿಗೆ? ಮುಖ್ಯವಾಗಿ ಮೂರು ಬಗೆಯವರಿಗೆ. 24 ವಾರ ದಾಟಿದ, ಭ್ರೂಣದಲ್ಲಿ ದೋಷವಿಲ್ಲದ ಪ್ರಕರಣಗಳು ಮೊದಲನೆಯವು. ಅವುಗಳಲ್ಲೂ ಹೆಚ್ಚಿನವು ತಡವಾಗಿ ಗೊತ್ತಾದ ಅತ್ಯಾಚಾರ ಸಂತ್ರಸ್ತೆಯರದು, ಬಾಲಕಿಯರದು. ಮಂಡಳಿ ಸುಮ್ಮನೆ ಕುಳಿತ ಅಥವಾ ಕಾರಣ ಕೊಡದೆ ನಿರಾಕರಿಸಿದ ಪ್ರಕರಣಗಳು ಎರಡನೆಯವು. ಕಾನೂನಿನ ಮಿತಿಯೊಳಗಿದ್ದರೂ ಸರ್ಕಾರಿ ಆಸ್ಪತ್ರೆ ಮಾಡಿಕೊಡದ ಪ್ರಕರಣಗಳು ಮೂರನೆಯವು.

ಯಾವ ಕೋರ್ಟ್

ಮ್ಯಾಜಿಸ್ಟ್ರೇಟ್ ಕೋರ್ಟಲ್ಲ, ಜಿಲ್ಲಾ ನ್ಯಾಯಾಲಯವಲ್ಲ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ವಿಶೇಷ ನ್ಯಾಯಾಲಯವೂ ಅಲ್ಲ. ಕೇಸ್ ನಡೆಯುತ್ತಿರುವುದು ಅಲ್ಲೇ ಅಲ್ಲವೇ ಎಂದು ಅಲ್ಲಿಗೇ ಅರ್ಜಿ ಹಾಕಿ ವಾರ ಕಳೆದುಕೊಳ್ಳುವವರಿದ್ದಾರೆ. ಆ ನ್ಯಾಯಾಲಯಗಳಿಗೆ ಅಧಿಕಾರ ಬರುವುದು ಆಯಾ ಕಾಯ್ದೆಗಳಿಂದ. 24 ವಾರದ ಆಚೆಗೆ ಅನುಮತಿ ಕೊಡುವ ಅಧಿಕಾರವನ್ನು ಯಾವ ಕಾಯ್ದೆಯೂ ಅವುಗಳಿಗೆ ಕೊಟ್ಟಿಲ್ಲ. ಮಕ್ಕಳ ಕಲ್ಯಾಣ ಸಮಿತಿಗೂ ಇಲ್ಲ. ಆದರೆ ಬಾಲಕಿ ಬಾಲಮಂದಿರದಲ್ಲಿದ್ದರೆ ಅವಳ ಪರವಾಗಿ ಅರ್ಜಿ ಹಾಕಲು ಸಮಿತಿಯ ನೆರವು ಬೇಕೇ ಬೇಕು.

ಸಂವಿಧಾನದ 226ನೇ ವಿಧಿಯಡಿ ರಿಟ್ ಅಧಿಕಾರ ಇರುವುದು ಹೈಕೋರ್ಟಿಗೆ. ನಮ್ಮ ಎರಡೂ ಜಿಲ್ಲೆಗಳು ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಯಲ್ಲಿವೆ, ಧಾರವಾಡ, ಕಲಬುರಗಿ ಪೀಠಗಳದಲ್ಲ. ಮಂಗಳೂರಿಗೊಂದು ಪೀಠ ಬೇಕೆಂಬ ಬೇಡಿಕೆ ಹಳೆಯದು. ಅದು ಬರುವವರೆಗೆ ಶಿರಾಡಿ ಘಾಟಿಯೇ ಗತಿ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಆದ್ದರಿಂದ ಗರ್ಭಿಣಿಯನ್ನು ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಡಿ. ಅಫಿಡವಿಟ್ಟಿಗೆ ಮಂಗಳೂರಿನಲ್ಲೇ ನೋಟರಿ ಮುಂದೆ ಸಹಿ ಮಾಡಿಸಿ ಕಳಿಸಬಹುದು. ತಪಾಸಣೆಯನ್ನು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ನಡೆಸಬೇಕೆಂದು ಅರ್ಜಿಯಲ್ಲೇ ಕೇಳಬಹುದು.

ಕಾಸರಗೋಡು, ಮಂಜೇಶ್ವರದವರು ಚಿಕಿತ್ಸೆಗೆ ಬರುವುದು ಮಂಗಳೂರಿಗೆ. 226(2) ಪ್ರಕಾರ ತಕರಾರಿನ ಕಾರಣ ಭಾಗಶಃ ಎಲ್ಲಿ ಹುಟ್ಟಿತೋ ಅಲ್ಲಿನ ಹೈಕೋರ್ಟಿಗೆ ಹೋಗಬಹುದು. ಮಂಗಳೂರಿನ ಸರ್ಕಾರಿ ಆಸ್ಪತ್ರೆ ನಿರಾಕರಿಸಿದ್ದರೆ ಕರ್ನಾಟಕ ಹೈಕೋರ್ಟ್ ನಡೆಯುತ್ತದೆ. ಆದರೆ ಎಫ್‌ಐಆರ್ ಕೇರಳದ ಠಾಣೆಯಲ್ಲಿದ್ದರೆ, ಡಿಎನ್‌ಎ ಮಾದರಿ ಒಯ್ಯಬೇಕಾದದ್ದು ಅಲ್ಲಿನ ಪೊಲೀಸರಾದರೆ, ಎರ್ನಾಕುಳಂನ ಕೇರಳ ಹೈಕೋರ್ಟೇ ಸಲೀಸು.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ 'ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಇವತ್ತೇ ಕಳಿಸಿ' ಎಂದು ಕೇಳಿ. ಫೋನಿನಲ್ಲಾದರೆ 15100.

ನ್ಯಾಯಾಧೀಶರ ಕೈ ಎಲ್ಲಿಯವರೆಗೆ

ಅಮೆರಿಕದ ಸುದ್ದಿ ಓದಿ ಇಲ್ಲಿಯೂ ಹಾಗೇ ಎಂದುಕೊಳ್ಳುವವರು ಹಲವರು. ಅಲ್ಲಿ ಗರ್ಭಪಾತದ ಹಕ್ಕನ್ನು 1973ರಲ್ಲಿ ಕೊಟ್ಟದ್ದೂ ನ್ಯಾಯಾಲಯ, 2022ರ ಜೂನ್ 24ರಂದು ಕಿತ್ತುಕೊಂಡು ಶಾಸನಸಭೆಗಳ ಕೈಗಿಟ್ಟದ್ದೂ ನ್ಯಾಯಾಲಯ. ನಮ್ಮಲ್ಲಿ ಬುಡವೇ ಬೇರೆ. ಇಲ್ಲಿ ದಾರಿ ಮಾಡಿಕೊಟ್ಟದ್ದು ಸಂಸತ್ತು, ಶಾಂತಿಲಾಲ್ ಶಾ ಸಮಿತಿಯ ವರದಿಯ ನಂತರ. ಗರ್ಭಪಾತ ಮಾಡಿಸುವುದು ದಂಡ ಸಂಹಿತೆಯಲ್ಲಿ ಈಗಲೂ ಅಪರಾಧವೇ. ಹಿಂದೆ ಐಪಿಸಿ 312 ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 88 ಆಗಿದೆ. ಎಂಟಿಪಿ ಕಾಯ್ದೆ ಅದಕ್ಕೆ ವಿನಾಯಿತಿ. ಹಾಗಾಗಿ ಇಲ್ಲಿ ನ್ಯಾಯಾಧೀಶರ ಮುಂದಿರುವ ಪ್ರಶ್ನೆ 'ಹಕ್ಕು ಇದೆಯೇ' ಎನ್ನುವುದಕ್ಕಿಂತ 'ಈ ವಿನಾಯಿತಿ ಎಷ್ಟು ಅಗಲ' ಎನ್ನುವುದು.

ಎರಡು ಶಕ್ತಿಗಳು ಇಲ್ಲಿ ಎದುರುಬದುರು ನಿಲ್ಲುತ್ತವೆ. ಹೆರುವುದು, ಹೆರದಿರುವುದು ಮಹಿಳೆಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, 21ನೇ ವಿಧಿಯಡಿ ರಕ್ಷಣೆ ಪಡೆದದ್ದು ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಖಾಸಗಿತನದ 2017ರ ತೀರ್ಪು ಅದನ್ನು ಗಟ್ಟಿಮಾಡಿದೆ. ಇನ್ನೊಂದು ಕಡೆ 24 ವಾರ ಎಂಬ ಗೆರೆ ಎಳೆದದ್ದು ಸಂಸತ್ತು. ಆ ಗೆರೆ ಮೂಲಭೂತ ಹಕ್ಕಿಗೆ ವಿರುದ್ಧ ಎಂದು ಕಂಡರೆ 13ನೇ ವಿಧಿಯ ಬಲದಿಂದ ನ್ಯಾಯಾಲಯ ಅದನ್ನು ಹೊಡೆದುಹಾಕಬಹುದು. ಪದಕ್ಕೆ ಎರಡು ಅರ್ಥ ಬರುವಲ್ಲಿ ಹಕ್ಕಿಗೆ ಹತ್ತಿರವಾದ ಅರ್ಥ ಹಿಡಿಯಬಹುದು. ಆದರೆ 24 ಎಂದಿದ್ದಲ್ಲಿ 28 ಎಂದು ತಾನೇ ಬರೆಯುವಂತಿಲ್ಲ.

ಈ ವ್ಯತ್ಯಾಸ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿ. 2022ರಲ್ಲಿ ಅವಿವಾಹಿತೆಯನ್ನು ನಿಯಮ 3ಬಿಯೊಳಗೆ ಸೇರಿಸಿದಾಗ ಪೀಠ ಹೊಸ ವಾರ ಸೇರಿಸಲಿಲ್ಲ. 'ವೈವಾಹಿಕ ಸ್ಥಿತಿಯ ಬದಲಾವಣೆ' ಎಂಬ ಮಾತಿನ ಹಿಂದಿರುವ ಉದ್ದೇಶ ನೋಡಿತು: ಬದುಕಿನ ಪರಿಸ್ಥಿತಿ ಹಠಾತ್ತನೆ ಬದಲಾದವಳಿಗೆ ಆಸರೆ. ಆ ಉದ್ದೇಶ ಅವಿವಾಹಿತೆಗೂ ಅನ್ವಯಿಸುತ್ತದೆ, ಅವಳನ್ನು ಹೊರಗಿಟ್ಟರೆ ಸಮಾನತೆಗೆ ಧಕ್ಕೆ ಎಂದಿತು. ಪದದೊಳಗೇ ಜಾಗ ಇತ್ತು, ಅದನ್ನು ಬಳಸಿಕೊಂಡಿತು.

2023ರ ಅಕ್ಟೋಬರ್ 16ರ ತೀರ್ಪಿನಲ್ಲಿ ಅಂಥ ಜಾಗ ಇರಲಿಲ್ಲ. ಎರಡು ಮಕ್ಕಳ ತಾಯಿ, ವಿವಾಹಿತೆ, ಹೆರಿಗೆ ನಂತರದ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದವರು, ಗರ್ಭ 26 ವಾರ 5 ದಿನ. ಅಕ್ಟೋಬರ್ 9ರಂದು ದ್ವಿಸದಸ್ಯ ಪೀಠ ಅನುಮತಿ ಕೊಟ್ಟಿತ್ತು. ಭ್ರೂಣ ಬದುಕುಳಿಯುವ ಸ್ಥಿತಿಯಲ್ಲಿದೆ, ಹೃದಯ ಬಡಿತ ನಿಲ್ಲಿಸಬೇಕೇ ಎಂದು ದೆಹಲಿ ಏಮ್ಸ್‌ನ ವೈದ್ಯರು ಕೇಳಿದಾಗ ಪೀಠವೇ ಒಡೆಯಿತು. ತಮ್ಮ ನ್ಯಾಯಿಕ ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂದರು ನ್ಯಾಯಮೂರ್ತಿ ಹಿಮಾ ಕೊಹ್ಲಿ. ಮಹಿಳೆಯ ನಿರ್ಧಾರವನ್ನು ಗೌರವಿಸಬೇಕೆಂದರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಮುಖ್ಯ ನ್ಯಾಯಮೂರ್ತಿಗಳ ತ್ರಿಸದಸ್ಯ ಪೀಠ ಕೊನೆಗೆ ಅನುಮತಿ ನಿರಾಕರಿಸಿತು. ಅದರ ತರ್ಕ ಸರಳ. 24 ವಾರ ದಾಟಿದೆ. ಭ್ರೂಣದಲ್ಲಿ ದೋಷವಿಲ್ಲ, ಆದ್ದರಿಂದ 3(2-ಬಿ) ಇಲ್ಲ. ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಆದ್ದರಿಂದ ಸೆಕ್ಷನ್ 5 ಇಲ್ಲ. ಉಳಿದದ್ದು 'ಸಂಪೂರ್ಣ ನ್ಯಾಯ' ಮಾಡಲು 142ನೇ ವಿಧಿ ಕೊಡುವ ವಿಶೇಷ ಅಧಿಕಾರ. ಅದನ್ನು ಇಂಥ ಪ್ರಕರಣದಲ್ಲಿ ಬಳಸುವುದಿಲ್ಲ ಎಂದಿತು.

ವಕೀಲರು ಇಲ್ಲಿ ಎರಡು ಅಂಶ ಗಮನಿಸಬೇಕು. 142ನೇ ವಿಧಿ ಇರುವುದು ಸುಪ್ರೀಂ ಕೋರ್ಟಿಗೆ ಮಾತ್ರ, ಹೈಕೋರ್ಟಿನಲ್ಲಿ ಅದನ್ನು ಕೇಳಿದರೆ ಮುಖಭಂಗ. ಇನ್ನೊಂದು, 2023ರ ಆಗಸ್ಟ್ 21ರಂದು ಗುಜರಾತಿನ ಅತ್ಯಾಚಾರ ಸಂತ್ರಸ್ತೆಯೊಬ್ಬರಿಗೆ 27 ವಾರ ದಾಟಿದ್ದರೂ ಅದೇ ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿತ್ತು. ಎರಡು ತಿಂಗಳೊಳಗೆ ಎರಡು ಉತ್ತರ. ವ್ಯತ್ಯಾಸ ವಾರದ್ದಲ್ಲ, ಗರ್ಭ ಹೇಗೆ ಬಂತು ಎಂಬುದರದ್ದು. ಬಲಾತ್ಕಾರದ ಗರ್ಭವನ್ನು ಹೊರಲೇಬೇಕೆನ್ನುವುದು 21ನೇ ವಿಧಿಗೆ ನೇರ ಪೆಟ್ಟು ಎಂದು ನ್ಯಾಯಾಲಯಗಳು ನೋಡುತ್ತವೆ, ಹೈಕೋರ್ಟುಗಳು 226ರ ಅಡಿಯಲ್ಲಿ ಸ್ಪಂದಿಸುತ್ತವೆ. ಒಪ್ಪಿತ ಸಂಬಂಧದ, ಆರೋಗ್ಯವಂತ ಭ್ರೂಣದ, 24 ದಾಟಿದ ಪ್ರಕರಣಕ್ಕೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಮನೆಯವರಿಗೆ ಇದನ್ನು ಮೊದಲ ದಿನವೇ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಇಲ್ಲದ ಆಸೆ ಹುಟ್ಟಿಸಿ ಮೂರು ವಾರ ತೆಗೆದುಕೊಂಡರೆ ಆಕೆಯ ದೇಹಕ್ಕೇ ಕೇಡು.

ವೈದ್ಯರ ಅಭಿಪ್ರಾಯದ ಮೇಲೆ ನ್ಯಾಯಾಧೀಶರಿಗೆ ಹಿಡಿತ ಎಷ್ಟು? 'ಇಂಥ ದಿನದೊಳಗೆ ಪರೀಕ್ಷಿಸಿ, ಕಾರಣ ಸಹಿತ ವರದಿ ಕೊಡಿ' ಎಂದು ಆದೇಶಿಸಬಹುದು. 'ಸುರಕ್ಷಿತವೆಂದೇ ಬರೆಯಿರಿ' ಎನ್ನುವಂತಿಲ್ಲ. ಮಂಡಳಿ ಭ್ರೂಣವನ್ನಷ್ಟೇ ನೋಡಿ ಕೈತೊಳೆದುಕೊಂಡರೆ ಅದನ್ನು ಪ್ರಶ್ನಿಸಬಹುದು: 2024ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ 14 ವರ್ಷದ ಬಾಲಕಿಯ ಪ್ರಕರಣದಲ್ಲಿ, ಮಂಡಳಿ ಗರ್ಭಿಣಿಯ ದೈಹಿಕ ಮತ್ತು ಮಾನಸಿಕ ಕ್ಷೇಮದ ಬಗ್ಗೆಯೂ ಹೇಳಬೇಕು, ಮೊದಲಿನ ಅಭಿಪ್ರಾಯ ಬದಲಿಸಿದರೆ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅದೇ ಪ್ರಕರಣದಲ್ಲಿ ಏಪ್ರಿಲ್ 22ರಂದು ಕೊಟ್ಟ ಅನುಮತಿಯನ್ನು ಪೋಷಕರು ಮನಸ್ಸು ಬದಲಿಸಿದ್ದರಿಂದ 29ರಂದು ಹಿಂಪಡೆಯಿತು. ಪೋಷಕರದ್ದೂ ಬಾಲಕಿಯದ್ದೂ ಅಭಿಪ್ರಾಯ ಬೇರೆಯಾದರೆ ಬಾಲಕಿಯ ಮಾತಿಗೆ ತೂಕವಿದೆ ಎಂದೂ ಸ್ಪಷ್ಟಪಡಿಸಿತು. ಆದೇಶ ಸಿಕ್ಕಿತೆಂದ ಮಾತ್ರಕ್ಕೆ ಯಾರನ್ನೂ ಗರ್ಭಪಾತಕ್ಕೆ ಒತ್ತಾಯಿಸುವಂತಿಲ್ಲ. 2009ರ ಪ್ರಕರಣ ಕೂಡ ಅದೇ ಆಗಿತ್ತು: ಸರ್ಕಾರಿ ಆಶ್ರಯದಲ್ಲಿದ್ದ ಯುವತಿಗೆ ಗರ್ಭಪಾತ ಮಾಡಿಸಲು ಹೈಕೋರ್ಟ್ ಕೊಟ್ಟ ಆದೇಶವನ್ನು ಆಕೆಗೆ ಮಗು ಬೇಕಿದೆ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ರದ್ದುಮಾಡಿತು.

ಖಾಸಗಿ ಆಸ್ಪತ್ರೆಯ ವಿಷಯದಲ್ಲೂ ಕೈ ಗಿಡ್ಡ. ರಿಟ್ ನಡೆಯುವುದು ಮುಖ್ಯವಾಗಿ ಸರ್ಕಾರದ ವಿರುದ್ಧ. ಧಾರ್ಮಿಕ ಕಾರಣಕ್ಕೆ ಗರ್ಭಪಾತ ಮಾಡದ ಸಂಸ್ಥೆಗಳು ನಮ್ಮ ಕರಾವಳಿಯಲ್ಲಿವೆ. ಅವರನ್ನು ಒತ್ತಾಯಿಸಲು ಹೊರಟು ದಿನ ಕಳೆಯುವುದಕ್ಕಿಂತ ಸರ್ಕಾರಿ ಆಸ್ಪತ್ರೆಯನ್ನು ಹೊಣೆಯಾಗಿಸುವುದು ಜಾಣತನ.

ಅರ್ಜಿಯಲ್ಲಿ ಏನಿರಬೇಕು

ಪ್ರತಿವಾದಿಗಳು: ಆರೋಗ್ಯ ಇಲಾಖೆಯ ಪ್ರಧಾನ ಕಾರ್ಯದರ್ಶಿಗಳ ಮೂಲಕ ಕರ್ನಾಟಕ ರಾಜ್ಯ, ಜಿಲ್ಲಾ ಆರೋಗ್ಯಾಧಿಕಾರಿ, ಸರ್ಕಾರಿ ಆಸ್ಪತ್ರೆಯ ಅಧೀಕ್ಷಕರು, ಮಂಡಳಿ, ಕ್ರಿಮಿನಲ್ ಪ್ರಕರಣವಿದ್ದರೆ ಠಾಣಾಧಿಕಾರಿ. 24 ವಾರದ ಮಿತಿಯೇ ಅಸಾಂವಿಧಾನಿಕ ಎಂದು ಪ್ರಶ್ನಿಸುವುದಾದರೆ ಕೇಂದ್ರ ಸರ್ಕಾರವನ್ನೂ ಸೇರಿಸಬೇಕು. ಆದರೆ ಒಬ್ಬಾಕೆಯ ತುರ್ತು ಅರ್ಜಿಯಲ್ಲಿ ಆ ಪ್ರಶ್ನೆ ಎತ್ತಬೇಡಿ. ಅದು ತಿಂಗಳುಗಟ್ಟಲೆ ಎಳೆಯುತ್ತದೆ.

ಬೇಡಿಕೆಯನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆಯಿರಿ:

1. ಮಂಡಳಿ 48 ಗಂಟೆಯೊಳಗೆ ಅರ್ಜಿದಾರಳನ್ನು ಆಕೆಯ ಜಿಲ್ಲೆಯಲ್ಲೇ ಪರೀಕ್ಷಿಸಿ, ದೈಹಿಕ, ಮಾನಸಿಕ ಆರೋಗ್ಯ ಎರಡರ ಬಗ್ಗೆಯೂ ಕಾರಣ ಸಹಿತ ವರದಿಯನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಲಿ.

2. ವರದಿ ಅನುಕೂಲವಾಗಿದ್ದು ಆ ಹೊತ್ತಿಗೂ ಆಕೆಯ ಒಪ್ಪಿಗೆ ಇದ್ದರೆ ಸರ್ಕಾರಿ ಆಸ್ಪತ್ರೆ ಸರ್ಕಾರಿ ಖರ್ಚಿನಲ್ಲಿ ಗರ್ಭಪಾತ ನಡೆಸಲಿ. ಭ್ರೂಣದ ಹೃದಯ ನಿಲ್ಲಿಸುವ ಇಂಜೆಕ್ಷನ್ ಬಗ್ಗೆ ವೈದ್ಯರಿಗೆ ಸ್ಪಷ್ಟ ನಿರ್ದೇಶನ ಇರಲಿ. 2023ರ ಅಕ್ಟೋಬರ್ ಪ್ರಕರಣ ಮಗುಚತೊಡಗಿದ್ದು ಮೊದಲ ಆದೇಶದಲ್ಲಿ ಈ ಒಂದು ಸಾಲು ಇಲ್ಲದ್ದರಿಂದಲೇ.

3. ಮಗು ಜೀವಂತ ಹುಟ್ಟಿದರೆ ಅದರ ಚಿಕಿತ್ಸೆ, ಆರೈಕೆಯ ಹೊಣೆ ರಾಜ್ಯದ್ದಾಗಲಿ.

4. ಅತ್ಯಾಚಾರ ಪ್ರಕರಣವಾದರೆ ಡಿಎನ್‌ಎ ಪರೀಕ್ಷೆಗಾಗಿ ಭ್ರೂಣದ ಅಂಗಾಂಶ ಸಂರಕ್ಷಿಸಿ ತನಿಖಾಧಿಕಾರಿಗೆ ಒಪ್ಪಿಸಲಿ. ಇದನ್ನು ಮರೆತರೆ ಆರೋಪಿಯ ವಿರುದ್ಧದ ಮುಖ್ಯ ಸಾಕ್ಷ್ಯವೇ ಕೈತಪ್ಪುತ್ತದೆ.

5. ಹೆಸರು, ಊರು, ಸಂಬಂಧಿಕರ ಹೆಸರು ದಾಖಲೆಗಳಲ್ಲಿ ಕಾಣದಂತೆ ಮರೆಮಾಡಲಿ.

ಐದನೆಯದನ್ನು ಅರ್ಜಿ ಸಲ್ಲಿಸುವ ಹಂತದಲ್ಲೇ ಮಾಡಿ. ಹೆಸರಿನ ಬದಲು 'ಎಕ್ಸ್' ಎಂದು ಬರೆದು ನಿಜವಾದ ಗುರುತನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ. ಚಿಕ್ಕ ಊರಿನಲ್ಲಿ ಗ್ರಾಮದ ಹೆಸರು, ತಂದೆಯ ಉದ್ಯೋಗ ಎರಡು ಗೊತ್ತಾದರೆ ಸಾಕು, ಬಸ್‌ಸ್ಟ್ಯಾಂಡಿನವರೆಗೆ ಸುದ್ದಿ ಹೋಗುತ್ತದೆ. ಗುರುತು ಬಯಲುಮಾಡುವ ವೈದ್ಯರಿಗೆ ಸೆಕ್ಷನ್ 5ಎ ಅಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಅಪ್ರಾಪ್ತೆಯ ಪ್ರಕರಣದಲ್ಲಿ ಪೋಕ್ಸೊ ಸೆಕ್ಷನ್ 19ರ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಬೇಕಾದರೂ, ಅವಳೂ ಪೋಷಕರೂ ಕೋರಿದರೆ ಗುರುತು ಹೇಳಬೇಕಿಲ್ಲ. ಇದೂ 2022ರ ತೀರ್ಪಿನಲ್ಲಿದೆ, ಆದರೆ ಬಹಳ ಮಂದಿ ವೈದ್ಯರಿಗೆ ಗೊತ್ತಿಲ್ಲ.

ಎಲ್ಲಿ ಎಡವುತ್ತದೆ

ಅರ್ಜಿ ಬಿದ್ದುಹೋಗುವುದು ದೊಡ್ಡ ಕಾನೂನು ಪ್ರಶ್ನೆಯಿಂದಲ್ಲ, ಹೆಚ್ಚಾಗಿ ಆಫೀಸ್ ಆಬ್ಜೆಕ್ಷನ್ನಿನಿಂದ, ಅಂದರೆ ಕಾಗದಪತ್ರದ ಕೊರತೆಗೆ ಹೈಕೋರ್ಟ್ ಕಚೇರಿ ಎತ್ತುವ ಆಕ್ಷೇಪದಿಂದ. ವೈದ್ಯರ ಕೈಬರಹದ ಚೀಟಿಗೆ ಟೈಪ್ ಮಾಡಿದ ಪ್ರತಿ ಇಲ್ಲ, ಕನ್ನಡದ ಎಫ್‌ಐಆರ್‌ಗೆ ಇಂಗ್ಲಿಷ್ ಅನುವಾದ ಇಲ್ಲ, ಅಪ್ರಾಪ್ತೆಯ ಪರವಾಗಿ ಪೋಷಕರ ಹೆಸರು ಹಾಕಿಲ್ಲ. ಇವನ್ನು ಸರಿಪಡಿಸಲು ಹೋದರೆ ಮೂರು ದಿನ. ಅರ್ಜಿಯ ಜತೆಗೇ ತುರ್ತು ವಿಚಾರಣೆಯ ಮೆಮೊ ಕೊಡಿ, ಅದರ ಮೊದಲ ಸಾಲಿನಲ್ಲೇ ಇವತ್ತಿಗೆ ಎಷ್ಟು ವಾರ, ಎಷ್ಟು ದಿನ ಎಂದು ಬರೆಯಿರಿ. ರಜೆಯಲ್ಲಿ ರಜಾ ಪೀಠ ಇರುತ್ತದೆ.

ವಿಚಾರಣೆ ಮುಂದೂಡಿದರೆ ಸುಮ್ಮನೆ ಕೂರಬೇಡಿ. ಗುಜರಾತಿನ ಪ್ರಕರಣದಲ್ಲಿ ಮಂಡಳಿಯ ವರದಿ ಬಂದ ಮೇಲೂ ಅಲ್ಲಿನ ಹೈಕೋರ್ಟ್ ಸುಮಾರು ಹನ್ನೆರಡು ದಿನ ಮುಂದಕ್ಕೆ ಹಾಕಿತ್ತು. ಸುಪ್ರೀಂ ಕೋರ್ಟ್ ಶನಿವಾರ ವಿಶೇಷವಾಗಿ ಕುಳಿತು ಆ ವಿಳಂಬವನ್ನು ಕಟುವಾಗಿ ಟೀಕಿಸಿತು. ಆ ಆದೇಶದ ಪ್ರತಿಯನ್ನು ಮೆಮೊಗೆ ಲಗತ್ತಿಸಿದರೆ ಮುಂದಿನ ದಿನಾಂಕ ಹತ್ತಿರ ಬರುತ್ತದೆ.

ಅನುಮತಿ ಸಿಗದಿದ್ದರೆ

ಏಕಸದಸ್ಯ ಪೀಠ ನಿರಾಕರಿಸಿದರೆ ಕರ್ನಾಟಕ ಹೈಕೋರ್ಟ್ ಕಾಯ್ದೆಯ ಸೆಕ್ಷನ್ 4ರ ಅಡಿ ದ್ವಿಸದಸ್ಯ ಪೀಠಕ್ಕೆ ರಿಟ್ ಮೇಲ್ಮನವಿ ಹಾಕಬಹುದು. 30 ದಿನ ಇದೆಯಲ್ಲ ಎಂದು ಕಾಯುವಂತಿಲ್ಲ, ಮರುದಿನವೇ ಹಾಕಬೇಕು. ಅಲ್ಲಿಯೂ ಆಗದಿದ್ದರೆ 136ನೇ ವಿಧಿಯಡಿ ಸುಪ್ರೀಂ ಕೋರ್ಟ್. ಆದರೆ 30 ವಾರ ದಾಟಿದ ಮೇಲೆ ಮಾಡುವ ಪ್ರಕ್ರಿಯೆ ವಾಸ್ತವದಲ್ಲಿ ಹೆರಿಗೆಯೇ. ಮೇಲ್ಮನವಿಗೆ ಹೋಗುವ ಮುಂಚೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಜತೆ ಒಂದು ಗಂಟೆ ಕುಳಿತು ಮಾತಾಡಿ.

ಹೆರಿಗೆಯವರೆಗೆ ಹೋಗಬೇಕಾಗಿ ಬಂದರೆ, ಮಗುವನ್ನು ಸಾಕಲು ಆಗದವರು ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 35ರ ಪ್ರಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಇದು ಅಪರಾಧವಲ್ಲ, ತೊರೆದುಹೋದಂತೆಯೂ ಅಲ್ಲ. ಸಮಿತಿಯ ಎದುರು ಒಪ್ಪಿಸುವ ಪತ್ರಕ್ಕೆ ಸಹಿ ಹಾಕಿದ ಮೇಲೆ ಮರುಯೋಚನೆಗೆ ಎರಡು ತಿಂಗಳ ಅವಕಾಶವಿದೆ, ಅಷ್ಟರೊಳಗೆ ಮನಸ್ಸು ಬದಲಾದರೆ ಮಗುವನ್ನು ವಾಪಸ್ ಕೇಳಬಹುದು. ಆ ಪತ್ರದ ಒಂದು ಪ್ರತಿ ತಾಯಿಯ ಕೈಯಲ್ಲೇ ಇರಲಿ. ಆಸ್ಪತ್ರೆಯಲ್ಲೇ 'ಒಳ್ಳೆಯ ಮನೆ ಇದೆ' ಎಂದು ಮಗುವನ್ನು ಕೈಗೆ ಕೈ ದಾಟಿಸಲು ಬರುವವರಿಗೆ ಮಾತ್ರ ಕೊಡಬೇಡಿ, ಅದು ಮಗು ಮಾರಾಟದ ಕೇಸಾಗಿ ತಾಯಿಯ ಕೊರಳಿಗೇ ಸುತ್ತಿಕೊಳ್ಳಬಹುದು.